ದೂರಯ್ಯನವರ ಗುದ್ದಾಟ

ನೀರು ಸರಬರಾಜು ಕಚೇರಿಯ ಮೂರನೇ ಕಿಟಕಿಯ ಹಿಂದೆ ಇಪ್ಪತ್ತೆರಡು ವರ್ಷದಿಂದ ಕೂತಿದ್ದ ಗುಮಾಸ್ತರಿಗೆ ದೂರಯ್ಯ ಎಂಬ ಹೆಸರು ಕೆಲಸದಿಂದಲೇ ಬಂದದ್ದು. ಜನರ ದೂರು ತೆಗೆದುಕೊಳ್ಳುವುದು ಅವರ ಕೆಲಸ. ದೂರು ಕೊಟ್ಟವರನ್ನು ದೂರವಿಡುವುದು ಅವರ ಕಲೆ. ನಲ್ಲಿಯಲ್ಲಿ ನೀರಿಲ್ಲವೆಂದು ಬಂದವರು ಬಾಯಿಗೆ ಬಂದಂತೆ ಬೈಯುತ್ತಿದ್ದರು, ಕಿಟಕಿಯ ಹಲಗೆ ಗುದ್ದುತ್ತಿದ್ದರು. ಒಬ್ಬಾಕೆಯಂತೂ ಖಾಲಿ ಬಕೆಟ್ಟನ್ನು ತಂದು ಅವರ ಮೂಗಿನ ಮುಂದೆಯೇ ಕುಕ್ಕಿದ್ದಳು. ದೂರಯ್ಯನವರು ರೆಪ್ಪೆ ಮಿಟುಕಿಸುತ್ತಿರಲಿಲ್ಲ. ಬೈಗುಳದ ಮಳೆ ನಿಲ್ಲುವವರೆಗೂ ನೋಡುತ್ತಿದ್ದು, "ಚೀಟಿ ತಗೊಳ್ಳಿ, ಪರಿಶೀಲಿಸ್ತೀವಿ" ಎಂದು ಠಸ್ಸೆ ಒತ್ತುತ್ತಿದ್ದರು.

ಇಂಥ ತಣ್ಣನೆಯ ಮನುಷ್ಯ ಐವತ್ತೊಂದನೇ ವಯಸ್ಸಿನಲ್ಲಿ ಬಾಕ್ಸಿಂಗ್ ಹಿಡಿದದ್ದು ಹೆಂಡತಿಯ ತಮ್ಮನ ದೆಸೆಯಿಂದ. ಕಾರು ಮಾರುವ ಮಳಿಗೆಯಲ್ಲಿ ಕೆಲಸ ಮಾಡುತ್ತಿದ್ದ ಆ ಭಾವಮೈದ ಎರಡು ವರ್ಷದಿಂದ ಜಿಮ್ಮಿಗೆ ಹೋಗುತ್ತಿದ್ದ. ತನಗಿಂತ ಒಂದು ಅಳತೆ ಚಿಕ್ಕದಾದ ಬನಿಯನ್ನನ್ನೇ ತೊಟ್ಟು ನೆಂಟರ ಮನೆಗಳಿಗೆ ಭೇಟಿ ಕೊಡುತ್ತಿದ್ದ. ಒಂದು ಮಧ್ಯಾಹ್ನ ಊಟಕ್ಕೆ ಬಂದವನು ದೂರಯ್ಯನವರ ತೋಳು ಹಿಚುಕಿ ನೋಡಿದ.

"ಭಾವಾ, ಇದು ತೋಳೋ, ಬೇಯಿಸಿದ ಆಲೂಗಡ್ಡೆಯೋ?"

ಅವನು ಅಂದದ್ದು ದೊಡ್ಡದಲ್ಲ. ಅಡುಗೆಮನೆಯಿಂದ ಹೆಂಡತಿ ನಕ್ಕದ್ದು ದೊಡ್ಡದಾಯಿತು. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಆಕೆ ಸುಲಭಕ್ಕೆ ನಗುವವಳಲ್ಲ.

"ಜಿಮ್ಮಿಗೆ ಬನ್ನಿ, ಬಾಕ್ಸಿಂಗ್ ಕಲಿಸ್ತಾರೆ" ಎಂದ ಭಾವಮೈದ.

"ಗುದ್ದೋದು ಕಲಿಯೋಕೆ ಜಿಮ್ ಯಾಕೋ? ಕೈ ನಂದು, ಮನೆ ನಂದು. ನಾನು ಇಲ್ಲೇ ಕಲಿತು ತೋರಿಸ್ತೀನಿ."

ಮಾರನೆಯ ದಿನವೇ ಅಟ್ಟದಿಂದ ಹಳೆಯ ಹಾಸಿಗೆ ಇಳಿಯಿತು. ಅದನ್ನು ಸುರುಳಿ ಸುತ್ತಿ, ಹಗ್ಗ ಬಿಗಿದು, ನಡುಮನೆಯ ಫ್ಯಾನು ಬಿಚ್ಚಿ ಅದೇ ಕೊಂಡಿಗೆ ನೇತುಹಾಕಿದರು. ಪಾಳಿ ಮುಗಿಸಿ ಬಂದ ಹೆಂಡತಿ ಸೆರಗಿನಿಂದ ಬೀಸಿಕೊಳ್ಳುತ್ತ ಮೇಲೆ ನೋಡಿದಳು.

"ಫ್ಯಾನ್ ಎಲ್ರೀ?"

"ತರಬೇತಿ ಶುರುವಾಗಿದೆ."

"ಸೆಖೆಗೆ ನಾನೇನ್ ಮಾಡ್ಲಿ?"

"ನಾನು ಗುದ್ದುವಾಗ ಗಾಳಿ ಬರುತ್ತೆ. ಸ್ವಲ್ಪ ಹತ್ರ ಕೂತ್ಕೋ."

ಗುರು ಮೊಬೈಲಿನೊಳಗಿದ್ದ. ಅವನಾಡುತ್ತಿದ್ದ ಭಾಷೆಯಲ್ಲಿ ದೂರಯ್ಯನವರಿಗೆ ಅರ್ಥವಾಗುತ್ತಿದ್ದದ್ದು ಒಂದು, ಎರಡು ಎಂಬ ಎಣಿಕೆ ಮಾತ್ರ. ಪಾಠದ ನಡುವೆ ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತು ಬರುತ್ತಿತ್ತು. ಅದು ಮುಗಿಯುವವರೆಗೂ ಮೊಣಕಾಲು ಬಗ್ಗಿಸಿ, ಮುಷ್ಟಿ ಎತ್ತಿ, ಬೋಳುತಲೆಯಲ್ಲಿ ಕೂದಲು ಚಿಗುರುವುದನ್ನು ನೋಡುತ್ತ ಕಲ್ಲಿನಂತೆ ನಿಂತಿರುತ್ತಿದ್ದರು. ತೊಡೆಗೆ ಒಂದಿಷ್ಟು ಬಲ ಬಂದದ್ದು ಆ ಎಣ್ಣೆಯ ಪುಣ್ಯ.

ಹಾಸಿಗೆಗೆ ಬಿದ್ದ ಪೆಟ್ಟು ಕೊಂಡಿಗೆ, ಕೊಂಡಿಯಿಂದ ಗೋಡೆಗೆ, ಗೋಡೆಯಿಂದ ಕೆಳಗಿನ ಮನೆಗೆ ಇಳಿಯುತ್ತಿತ್ತು. ಅಲ್ಲಿದ್ದ ನಿವೃತ್ತ ಮೇಷ್ಟ್ರು ಒಂದು ಬೆಳಿಗ್ಗೆ, ತಮ್ಮ ಮನೆಯ ಸೂರಿನಿಂದ ಸುಣ್ಣದ ಪುಡಿ ಉದುರಿ ಕಾಫಿಗೆ ಬೀಳುತ್ತಿದೆಯೆಂದು ಕಾಗದದಲ್ಲಿ ಬರೆದುಕೊಂಡು ಮೇಲೆ ಬಂದರು. ಬೆವರೊರೆಸಿಕೊಂಡ ದೂರಯ್ಯನವರು ಕಾಗದ ತೆಗೆದುಕೊಂಡು, ಅಭ್ಯಾಸಬಲದಿಂದ ಮೂಲೆಯಲ್ಲಿ ಒಂದು ಸಂಖ್ಯೆ ಬರೆದು, ತುದಿ ಹರಿದು ಕೈಗಿತ್ತರು.

"ಏಳು ದಿನದೊಳಗೆ ಪರಿಶೀಲಿಸ್ತೀವಿ."

"ನಲ್ಲಿ ವಿಷಯಕ್ಕೂ ಹೀಗೇ ಅಂದಿದ್ರಲ್ರೀ!" ಎಂದು ಮೇಷ್ಟ್ರು ಬಾಗಿಲಲ್ಲೇ ಕೂಗಿದರು. "ಹೋದ ವರ್ಷ!"

ದೂರಯ್ಯನವರು ರೆಪ್ಪೆ ಮಿಟುಕಿಸಲಿಲ್ಲ.

ಹೀಗೆ ಏಳು ತಿಂಗಳು ಕಳೆಯಿತು. ತೋಳು ಗಟ್ಟಿಯಾಯಿತೋ ಇಲ್ಲವೋ, ಮಾತು ಗಟ್ಟಿಯಾಯಿತು. ಕಚೇರಿಯ ಚಹಾದ ಹೊತ್ತಿನಲ್ಲಿ ಉಪನ್ಯಾಸ ನಡೆಯುತ್ತಿತ್ತು. "ಜಿಮ್ ಅಂದ್ರೆ ಬೆವರಿನ ಬಸ್ ನಿಲ್ದಾಣ ಕಣ್ರೀ. ಕಲಿಯೋನಿಗೆ ಏಕಾಂತ ಬೇಕು. ಏಳು ತಿಂಗಳಲ್ಲಿ ನಾನು ಒಂದು ಸಲಾನೂ ಸೋತಿಲ್ಲ." ಯಾರೆದುರು ಸೋತಿಲ್ಲ ಎಂದು ಯಾರೂ ಕೇಳಲಿಲ್ಲ. ಸರ್ಕಾರಿ ಚಹಾ ಕುಡಿಯುವಾಗ ಅಂಥ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ.

ಕೇಳಿದವನು ಭಾವಮೈದನೇ. "ಮನೇಲಿ ಹುಲಿ, ಬೀದೀಲಿ ಇಲಿ ಅಂತಾರೆ ಭಾವ. ಈ ಭಾನುವಾರ ನಮ್ಮಲ್ಲಿಗೆ ಬನ್ನಿ, ನೋಡೇಬಿಡೋಣ."

ಜಿಮ್ಮು ಟೈರು ಅಂಗಡಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗಲೇ ರಬ್ಬರು, ಬೆವರು, ನೋವಿನ ಮುಲಾಮು ಮೂರೂ ಸೇರಿ ಮೂಗಿಗೆ ಬಡಿದವು. ಕೋಚು ಕುಳ್ಳಗಿನ ಮನುಷ್ಯ. ಮೂಗನ್ನು ಯಾರೋ ಇಸ್ತ್ರಿ ಮಾಡಿಟ್ಟ ಹಾಗಿತ್ತು.

"ಎಷ್ಟು ದಿನದ ಅಭ್ಯಾಸ ಸಾರ್?"

"ಏಳು ತಿಂಗಳು. ಮನೇಲೇ. ನೇತುಹಾಕಿದ ಹಾಸಿಗೆ ಮೇಲೆ."

"ಅದು ತಿರುಗಿ ಹೊಡೀತಾ?"

"ಇಲ್ಲ."

"ಹಂಗಾದ್ರೆ ನೀವು ಏಳು ತಿಂಗಳು ಹಾಸಿಗೆ ಧೂಳು ಕೊಡವಿದ್ದೀರಿ. ಬನ್ನಿ, ಇವತ್ತಿಂದ ಬಾಕ್ಸಿಂಗ್."

ಎದುರಿಗೆ ನಿಲ್ಲಿಸಿದ್ದು ನಲವತ್ತು ದಾಟಿದ ಹಲ್ಲಿನ ಡಾಕ್ಟರಮ್ಮನನ್ನು. "ಹೆದರ್ಬೇಡಿ, ನೋವಾಗಲ್ಲ" ಎಂದರು ಆಕೆ. ಹಲ್ಲಿನ ಡಾಕ್ಟರು ಹೀಗೆಂದರೆ ಏನರ್ಥ ಎಂದು ದೂರಯ್ಯನವರಿಗೆ ಗೊತ್ತಿರಬೇಕಿತ್ತು. ಗಂಟೆ ಹೊಡೆದ ಕೂಡಲೇ ಅವರು ಬಲಗೈ ಬೀಸಿದರು. ಹಾಸಿಗೆ ಎಂದೂ ಪಕ್ಕಕ್ಕೆ ಸರಿದಿರಲಿಲ್ಲ, ಡಾಕ್ಟರಮ್ಮ ಸರಿದರು. ಗುದ್ದು ಗಾಳಿಯನ್ನು ಸೀಳಿಕೊಂಡು ಹೋಯಿತು, ಅದರ ಹಿಂದೆಯೇ ದೂರಯ್ಯನವರೂ ಹೋದರು. ತಿರುಗುವಷ್ಟರಲ್ಲಿ ಮೂಗಿನ ಮೇಲೆ ಒಂದು, ಹಣೆಗೆ ಒಂದು, ಮತ್ತೆ ಮೂಗಿಗೇ ಒಂದು. ಕಣ್ಣಲ್ಲಿ ನೀರು ತುಂಬಿತು. ಸರಬರಾಜು ಅಷ್ಟು ಸರಾಗವಾದದ್ದು ಅವರ ಸೇವಾವಧಿಯಲ್ಲಿ ಅದೇ ಮೊದಲು.

"ನಿಲ್ಸಿ, ನಿಲ್ಸಿ!" ಎಂದು ಕೋಚು ರಿಂಗಿನ ಹಗ್ಗದೊಳಗೆ ನುಸುಳಿ ಬಂದ. ದೂರಯ್ಯನವರ ಮುಖಕ್ಕೆ ಮುಖವಿಟ್ಟು ನೋಡಿದ. "ಡಾಕ್ಟ್ರೇ, ಗಮನಿಸಿದ್ರಾ? ಇವರು ಕಣ್ಣೇ ಮುಚ್ಚಲ್ಲ! ಪೆಟ್ಟು ಬರೋದನ್ನ ಕೊನೇ ತನಕ ನೋಡ್ತಾರೆ. ಇದನ್ನ ಕಲಿಸೋಕೆ ನಂಗೆ ವರ್ಷ ಹಿಡಿಯುತ್ತೆ. ಸಾರ್, ಎಲ್ಲಿ ಕಲಿತ್ರಿ?"

"ಮೂರನೇ ಕಿಟಕೀಲಿ" ಎಂದರು ದೂರಯ್ಯನವರು, ಮೂಗು ಹಿಡಿದುಕೊಂಡೇ.

ಇಷ್ಟು ಹೊತ್ತೂ ಭಾವಮೈದ ಕನ್ನಡಿಯ ಮುಂದೆ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದ. ಅವನ ಗ್ಲೌಸು ಅಂಗಡಿಯಿಂದ ಆಗಷ್ಟೇ ತಂದಂತೆ ಮಿರಮಿರ ಮಿಂಚುತ್ತಿತ್ತು. ಕೋಚಿಗೆ ಏನನ್ನಿಸಿತೋ, "ಏಯ್ ಫೋಟೋ, ಈಗ ನೀನು ಬಾ" ಎಂದ. ಎರಡೂವರೆ ವರ್ಷದಲ್ಲಿ ಅವನು ರಿಂಗಿನೊಳಗೆ ಕಾಲಿಟ್ಟಿದ್ದು ನೆಲ ಒರೆಸುವ ಸರದಿ ಬಂದಾಗ ಮಾತ್ರ ಎಂಬುದು ಆಗ ಬಯಲಾಯಿತು.

ದೂರಯ್ಯನವರು ಒಂದೇ ಒಂದು ಗುದ್ದು ಕೊಟ್ಟರು, ಅದೂ ಭುಜಕ್ಕೆ. ಭಾವಮೈದ ಕಣ್ಣು ಮುಚ್ಚಿ, ಬೆನ್ನು ತಿರುಗಿಸಿ, "ಅಕ್ಕಾ!" ಎಂದು ಕೂಗಿದ. ಆಮೇಲೆ ಧೈರ್ಯ ತಂದುಕೊಂಡು ಮುಂದೆ ಬಂದು ಭಾವನನ್ನು ಬಿಗಿಯಾಗಿ ತಬ್ಬಿ ಹಿಡಿದ. ಭಾವನಿಗೂ ಉಸಿರು ಮುಗಿದಿತ್ತು, ಅವರೂ ತಬ್ಬಿಕೊಂಡರು. ಗಂಟೆ ಹೊಡೆಯುವವರೆಗೆ ಇಬ್ಬರೂ ರೈಲು ನಿಲ್ದಾಣದಲ್ಲಿ ಬಹಳ ವರ್ಷದ ಮೇಲೆ ಸಿಕ್ಕ ನೆಂಟರಂತೆ ನಿಂತಿದ್ದರು.

"ಒಬ್ರು ಮನೇಲಿ ಹಾಸಿಗೆ ಜೊತೆ, ಇನ್ನೊಬ್ರು ಇಲ್ಲಿ ಕನ್ನಡಿ ಜೊತೆ" ಎಂದ ಕೋಚು. "ನಿಮ್ಮ ಮನೆತನದಲ್ಲಿ ಮನುಷ್ಯರ ಜೊತೆ ಯಾರೂ ಆಡಲ್ವಾ?"

ಮುಂದಿನ ವಾರ ಭಾವಮೈದ ಜಿಮ್ಮು ಬಿಟ್ಟ. "ಜನಜಂಗುಳೀಲಿ ಏಕಾಗ್ರತೆ ಬರಲ್ಲ ಭಾವ, ಮನೇಲೇ ಮಾಡ್ತೀನಿ" ಎಂದು ಹಾಸಿಗೆಯನ್ನು ಹೊತ್ತುಕೊಂಡು ಹೋದ. ಕೊಂಡಿಗೆ ಮತ್ತೆ ಫ್ಯಾನು ಬಂತು. ದೂರಯ್ಯನವರ ಮೂಗಿನ ಬಾವು ಇಳಿಯಲು ಹತ್ತು ದಿನ ಹಿಡಿಯಿತು. ಹನ್ನೊಂದನೇ ದಿನ ಯಾರಿಗೂ ಹೇಳದೆ ಟೈರು ಅಂಗಡಿಯ ಮೆಟ್ಟಿಲು ಹತ್ತಿದರು. ಆಲೂಗಡ್ಡೆಯ ಅವಮಾನ ಅಷ್ಟು ಹೊತ್ತಿಗೆ ಮರೆತುಹೋಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ತಮ್ಮನ್ನು ಯಾರೋ ನಿಜವಾಗಿ ಮುಟ್ಟಿದರು ಎಂಬುದು ಮಾತ್ರ ಒಳಗೆಲ್ಲೋ ಕಚಗುಳಿ ಇಡುತ್ತಿತ್ತು.

ಮೂರು ತಿಂಗಳಲ್ಲಿ ಪೆಟ್ಟಿನಿಂದ ತಲೆ ಸರಿಸುವುದು ಅಭ್ಯಾಸವಾಯಿತು, ಅದರಿಂದಲೇ ಕಚೇರಿಯಲ್ಲಿ ಅನಾಹುತವೂ ಆಯಿತು. ಐದನೇ ಸಲ ಬಂದ ಒಬ್ಬ ಬೇಕರಿಯವನು ರೋಸಿಹೋಗಿ, ತನ್ನ ದೂರಿನ ಕಡತವನ್ನೇ ಕಿಟಕಿಯೊಳಗೆ ಎಸೆದ. ಮೊದಲಾದರೆ ಅದು ದೂರಯ್ಯನವರ ಮುಖಕ್ಕೆ ತಗುಲಿ ಮೇಜಿನ ಮೇಲೆ ಬಿದ್ದು ಠಸ್ಸೆ ಒತ್ತಿಸಿಕೊಳ್ಳುತ್ತಿತ್ತು. ಈಗ ತಲೆ ತಾನಾಗಿ ಎಡಕ್ಕೆ ವಾಲಿತು. ಕಡತ ಹಾರಿಹೋಗಿ, ಹಿಂದೆ ಚಹಾ ಹಿಡಿದು ನಿಂತಿದ್ದ ಸೂಪರಿಂಟೆಂಡೆಂಟರ ಎದೆಗೆ ಬಡಿದು ತೆರೆದುಕೊಂಡಿತು.

ಸಂಜೆಯೊಳಗೆ ಮೆಮೊ ಬಂತು: "ಸಾರ್ವಜನಿಕರ ದೂರನ್ನು ತಾವು ಸ್ವೀಕರಿಸದೆ ನೇರವಾಗಿ ಮೇಲಧಿಕಾರಿಗೆ ವರ್ಗಾಯಿಸಿದ್ದೇಕೆ?"

ದೂರಯ್ಯನವರು ಉತ್ತರ ಬರೆದರು: "ವರ್ಗಾಯಿಸಿದ್ದಲ್ಲ. ತಲೆ ಸರಿಯಿತು. ಇನ್ನು ಮುಂದೆಯೂ ಸರಿಯಬಹುದು."

ಆದರೆ ಚಹಾ ಒರೆಸಿಕೊಳ್ಳುವ ನೆಪದಲ್ಲಿ ಸೂಪರಿಂಟೆಂಡೆಂಟರು ಆ ಕಡತದ ಮೊದಲ ಹಾಳೆ ಓದಿಬಿಟ್ಟಿದ್ದರು. ಎರಡೇ ದಿನದಲ್ಲಿ ಬೇಕರಿಯವನ ಕೊಳವೆ ರಿಪೇರಿಯಾಯಿತು. ಆ ಕಚೇರಿಯಲ್ಲಿ ಅಷ್ಟು ಬೇಗ ಮೇಲಿನ ಹಂತ ತಲುಪಿದ ದೂರು ಅದೊಂದೇ. ಸುದ್ದಿ ಹಬ್ಬಿ, ಜನ ಕಡತಗಳನ್ನು ಗುರಿಯಿಟ್ಟು ಎಸೆಯತೊಡಗಿದ ಮೇಲೆ ಮೂರನೇ ಕಿಟಕಿಗೆ ಗಾಜು ಕೂರಿಸಿದರು.

ವರ್ಷದ ಕೊನೆಗೆ ಐವತ್ತು ದಾಟಿದವರ ಸ್ನೇಹ ಪಂದ್ಯ ನಡೆಯಿತು. ದೂರಯ್ಯನವರ ಎದುರಾಳಿ ಒಬ್ಬ ನಿವೃತ್ತ ಲಾರಿ ಚಾಲಕ, ಕುತ್ತಿಗೆಯೇ ಇಲ್ಲದವನು. ಮೂರು ಸುತ್ತೂ ನಿಂತು ಆಡಿದರು, ಬೀಳಲಿಲ್ಲ, ಆದರೂ ಅಂಕದಲ್ಲಿ ಸೋತರು. ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದ ಹೆಂಡತಿ ಮುಂದಿನ ಸಾಲಿನಲ್ಲಿ ಎದ್ದು ನಿಂತು ಕೂಗಿದ್ದು ರಸ್ತೆಯವರೆಗೂ ಕೇಳಿಸಿತಂತೆ.

ಬಸ್ ನಿಲ್ದಾಣದಲ್ಲಿ ಆಕೆ ಅವರ ಹುಬ್ಬಿನ ಗಾಯಕ್ಕೆ ಹತ್ತಿ ಒತ್ತಿದಳು. "ಎರಡನೇ ಸುತ್ತಲ್ಲಿ ಎಡಗೈ ಯಾಕ್ರೀ ಇಳಿಸಿದ್ರಿ? ಅಲ್ಲೇ ಕೆಟ್ಟಿದ್ದು."

"ಇಳಿಸ್ಲಿಲ್ಲ ಕಣೇ."

"ಇಳಿಸಿದ್ರಿ. ನಾನು ಕಣ್ಣಾರೆ ನೋಡಿದೀನಿ. ಹಿಂಗೆ." ಆಕೆ ಹತ್ತಿಯನ್ನು ಅವರ ಜೇಬಿಗೆ ತುರುಕಿ, ಕೈಚೀಲ ಕೆಳಗಿಟ್ಟು, ಎರಡೂ ಮುಷ್ಟಿ ಎತ್ತಿ ನಿಂತಳು. "ಎಲ್ಲಿ, ಈಗ ತೋರ್ಸಿ."

ಬಸ್ಸಿಗೆ ಕಾಯುತ್ತಿದ್ದವರು ಎರಡು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟರು.