ಎಣ್ಣೆ ಮಾವ ಮೂಸಿ ನೋಡಿದ ರಿವಾಲ್ವರು

"ಹಳೇ ರಿವಾಲ್ವರಿಗೆ ಬೆಲೆ ಕಟ್ಟೋದು ಅಂದ್ರೆ ಮುದುಕರ ಆರೋಗ್ಯ ನೋಡಿದ ಹಾಗೆ. ಮುಖದ ಹೊಳಪು ನೋಡಿ ಮೋಸ ಹೋಗಬಾರದು, ಕೀಲು ನೋಡಬೇಕು. ನಮ್ಮ ಜನ ಏನು ಮಾಡ್ತಾರೆ ಗೊತ್ತಾ? ಇಲ್ಲಿಗೆ ತರೋ ಮುಂಚೆ ಪಾತ್ರೆ ತಿಕ್ಕೋ ಪುಡಿ ಹಾಕಿ ಉಜ್ಜಿ ಉಜ್ಜಿ ಬೆಳ್ಳಗೆ ಮಾಡ್ಕೊಂಡು ಬರ್ತಾರೆ. ಉಕ್ಕಿಗೆ ಕೊಟ್ಟ ಹಳೇ ನೀಲಿ ಬಣ್ಣದ ಜೊತೆ ಅರ್ಧ ಬೆಲೆನೂ ಬಚ್ಚಲಿಗೆ ಹೋಯ್ತು. ಆಮೇಲೆ ತಿರುಪಿನ ತಲೆ ನೋಡಬೇಕು. ಕಂಡಕಂಡವರು ಕೈಯಾಡಿಸಿದ್ರೆ ಅಲ್ಲೇ ಗೀರು ಬಿದ್ದಿರುತ್ತೆ. ಕೊನೆಗೆ ಮೂಸಬೇಕು. ತಂದವರು ಸುಳ್ಳು ಹೇಳಬಹುದು, ಎಣ್ಣೆ ಹೇಳಲ್ಲ."

ಬಂದೂಕು ರಿಪೇರಿಯ ಆ ಮುದುಕನನ್ನು ಬೀದಿಯವರೆಲ್ಲ ಎಣ್ಣೆ ಮಾವ ಎಂದೇ ಕರೆಯುತ್ತಿದ್ದುದು ಈ ಮೂಸುವ ಚಾಳಿಯಿಂದ. ಹೆಂಡತಿ ಬಡಿಸಿದ್ದನ್ನೂ ಮೂಸದೆ ಉಣ್ಣುತ್ತಿರಲಿಲ್ಲ, ಅದಕ್ಕಾಗಿ ಬೈಸಿಕೊಳ್ಳದ ದಿನವೂ ಇರಲಿಲ್ಲ.

ಒಂದು ಮಧ್ಯಾಹ್ನ ಅಣ್ಣತಮ್ಮಂದಿರಿಬ್ಬರು ತೀರಿಹೋದ ಅಪ್ಪನ ರಿವಾಲ್ವರನ್ನು ಕಾಗದಪತ್ರದ ಸಮೇತ ತಂದರು. ಹಿಂದೆ ಅವರ ಅಕ್ಕ, ಕೊರಳಲ್ಲಿ ಟೇಪು, ತೋಳಿಗಂಟಿದ ನೂಲು, ಬಗಲಲ್ಲಿ ಹೊಲಿಗೆಯ ಡಬ್ಬಿ. ಮಾರಿ ಬಂದದ್ದನ್ನು ತಮಗಿಬ್ಬರಿಗೇ ಹಂಚಿಕೊಳ್ಳುವುದೆಂದು ತಮ್ಮಂದಿರು ದಾರಿಯಲ್ಲೇ ತೀರ್ಮಾನಿಸಿದ್ದರು. ಅಪ್ಪನ ಮನೆಯಲ್ಲೇ ಇದ್ದು ಉಂಡವಳಿಗೆ ಇನ್ನು ಪಾಲೆಲ್ಲಿಯದು ಎಂಬುದು ಅವರ ಲೆಕ್ಕ. ಹಾಸಿಗೆ ಹಿಡಿದ ಅಪ್ಪನಿಗೆ ಕೊನೆಯ ತನಕ ಉಣಿಸಿದವಳೂ ಅವಳೇ ಎಂಬುದು ಆ ಲೆಕ್ಕಕ್ಕೆ ಸೇರಿರಲಿಲ್ಲ.

ಎಣ್ಣೆ ಮಾವ ಮೊದಲು ಗುಂಡಿನ ಮನೆಗಳು ಖಾಲಿಯೆಂದು ಖಾತ್ರಿ ಮಾಡಿಕೊಂಡ. ಬಣ್ಣ ನೋಡಿದ, ತಿರುಪು ನೋಡಿದ. ಎಲ್ಲೂ ಒಂದು ಗೀರಿಲ್ಲ. ಮೂಗಿನ ಹತ್ತಿರ ತಂದವನು ಸ್ವಲ್ಪ ಹೊತ್ತು ಕೆಳಗಿಳಿಸಲೇ ಇಲ್ಲ.

"ಇಷ್ಟು ಜೋಪಾನ ಮಾಡಿದ್ದು ಯಾರಪ್ಪಾ?"

ಬೆಲೆ ಏರುವ ವಾಸನೆ ಹಿಡಿದ ಇಬ್ಬರೂ ಒಟ್ಟಿಗೇ ನಾನು ಎಂದರು. ಯಾವ ಎಣ್ಣೆ ಹಾಕುತ್ತಿದ್ದಿರಿ ಎಂದು ಕೇಳಿದರೆ ದೊಡ್ಡವನು ತಲೆಗೆ ಹಚ್ಚುವುದನ್ನೇ ಅಂದ, ಚಿಕ್ಕವನು ಸೈಕಲ್ಲಿಗೆ ಬಿಡುವುದನ್ನು ಅಂದ. ಮಾವನ ಮೂಗಿಗೆ ಮಾತ್ರ ಹೊಲಿಗೆ ಮೆಷಿನ್ನಿನ ಎಣ್ಣೆ ಹೊಡೆಯುತ್ತಿತ್ತು. ಅವನ ಕಣ್ಣು ಬಾಗಿಲ ಬಳಿಗೆ ಹೋಯಿತು. ಅಕ್ಕ ತನ್ನ ಉಗುರು ನೋಡಿಕೊಳ್ಳುತ್ತಿದ್ದಳು.

ಟ್ರಿಗರ್ ಎಳೆದ. ಸದ್ದಿಲ್ಲ, ಸೆಡವಿಲ್ಲ, ಜೋಲಾಡಿತು. ಹಿಡಿ ಬಿಚ್ಚಿದರೆ ಒಳಗಿನ ಸ್ಪ್ರಿಂಗೇ ಇಲ್ಲ. ಮುರಿದ ಚೂರೂ ಇಲ್ಲ. ಯಾರೋ ನಾಜೂಕಾಗಿ ತೆಗೆದದ್ದು. ಬೆಲೆಯ ವಿಷಯದಲ್ಲಿ ಅವನು ಹುಟ್ಟಿದಾಗಿನಿಂದ ಸುಳ್ಳಾಡಿದವನಲ್ಲ. ಈಗಲೂ ಆಡಲಿಲ್ಲ.

"ಇದರ ಜೊತೆ ಹುಟ್ಟಿದ ಸ್ಪ್ರಿಂಗ್ ಇಲ್ಲ. ಅಂಗಡೀಲಿ ಸಿಗೋದೂ ಇಲ್ಲ. ಈಗ ಇರೋ ಹಾಗೆ ಹೇಳೋದಾದ್ರೆ, ಕಾಗದ ಹಾರದ ಹಾಗೆ ಮೇಜಿನ ಮೇಲಿಡೋಕೆ ಚೆನ್ನಾಗಿದೆ."

ತಮ್ಮಂದಿರ ಮುಖ ಹುಳ್ಳಗಾಯಿತು. ಸ್ಪ್ರಿಂಗ್ ಕಳೆದವನು ನೀನು, ಅಲ್ಲ ನೀನು ಎಂದು ಸ್ವಲ್ಪ ಹೊತ್ತು ಕಿತ್ತಾಡಿದ ಮೇಲೆ ಚಿಕ್ಕವನು ಅಕ್ಕನತ್ತ ತಿರುಗಿ ನಕ್ಕ.

"ಪಾಲು ಪಾಲು ಅಂತಿದ್ದೆಯಲ್ಲಕ್ಕಾ, ತಗೋ. ಇದು ಪೂರ್ತಿ ನಿಂದೇ."

"ಸ್ವಲ್ಪ ಗಟ್ಟಿಯಾಗಿ ಹೇಳು, ನಂಗೆ ಕಿವಿ ಮಂದ," ಎಂದ ಎಣ್ಣೆ ಮಾವ. ಅವನ ಕಿವಿಗೆ ಏನೂ ಆಗಿರಲಿಲ್ಲ. ಚಿಕ್ಕವನು ಎದುರಂಗಡಿಗೂ ಕೇಳುವಂತೆ ಹೇಳಿದ, ದೊಡ್ಡವನು ಹೂಂಗುಟ್ಟಿದ. ಅಕ್ಕನಿಗೆ ಬಿಟ್ಟುಕೊಟ್ಟೆವೆಂದು ಅಲ್ಲೇ ಕಾಗದಕ್ಕೂ ಇಬ್ಬರ ಸಹಿ ಬಿತ್ತು.

ಅವರು ತಿರುವಿನಲ್ಲಿ ಮರೆಯಾದ ಮೇಲೆ ಅಕ್ಕ ಡಬ್ಬಿ ತೆರೆದು, ಅಂಗಿ ಗುಂಡಿಗಳ ಅಡಿಯಿಂದ ಬಟ್ಟೆಯಲ್ಲಿ ಸುತ್ತಿದ ಸ್ಪ್ರಿಂಗನ್ನು ಮೇಜಿನ ಮೇಲಿಟ್ಟಳು. ಅದಕ್ಕೂ ಎಣ್ಣೆ ಹಾಕಿತ್ತು.

"ಯಾವಾಗ ತೆಗೆದೆ ಮಗಳೇ?"

"ಅಪ್ಪ ಹಾಲಿನವನಿಗೆ ಗುರಿ ಇಟ್ಟರಲ್ಲ, ಹಾಲು ನೀರಾಗಿದೆ ಅಂತ. ಅವತ್ತೇ."

ಸ್ಪ್ರಿಂಗ್ ತನ್ನ ಗೂಡಿನಲ್ಲಿ ಕೂತಿತು. ಟ್ರಿಗರ್ ಟಕ್ ಎಂದಿತು. ಎಣ್ಣೆ ಮಾವ ಬಗ್ಗಿ ಈಗಿನ ಬೆಲೆಯನ್ನು ಅವಳ ಕಿವಿಯಲ್ಲಿ ಹೇಳಿದ. ಅಕ್ಕ ಮೆಲ್ಲಗೆ ಬೆಂಚಿನ ಮೇಲೆ ಕೂತಳು.

"ತಮ್ಮಂದಿರು ಕೇಳಿದ್ರೆ ಏನನ್ನಲಿ ಮಾವ?"

"ಕಾಗದ ಒಂದೂ ಹಾರಿಲ್ಲ ಅನ್ನು."

ಅವಳು ರಿವಾಲ್ವರನ್ನು ಡಬ್ಬಿಗೆ ಹಾಕಿಕೊಂಡು ನಗುತ್ತಲೇ ಮನೆಗೆ ಹೋದಳು. ಎಣ್ಣೆ ಮಾವ ದಿನದಂತೆ, ಅಂಟಿದ ಪುಡಿ ಸುಲಭವಾಗಿ ಕೊಡವಲೆಂದು ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ, ಬಗ್ಗಿ, ಬೆಂಚಿನಡಿ ಬಿದ್ದ ತಿರುಪು, ಕಬ್ಬಿಣದ ಪುಡಿಯನ್ನೆಲ್ಲ ಎತ್ತತೊಡಗಿದ.