ಆಯುಧಪೂಜೆಯ ಡಿಸ್ಕು

ಹೊಳಲ್ಕೆರೆಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮಾರನೆಯ ದಿನ ಆ ಮನೆಯವರೊಬ್ಬರು ಹೇಮಾವತಿಯ ಬಾಗಿಲಿಗೆ ಬಂದು ನಿಲ್ಲುವರು. ಅದನ್ನು ಕಂಡಾಗಲೆಲ್ಲ ಎದುರು ಮನೆಯ ಹೊನ್ನಕ್ಕ, "ಮದುವೆಗೆ ಗಂಡ, ತಿಥಿಗೆ ಹೆಂಡ್ತಿ. ಈ ಮನೇರಿಗೆ ಕೆಲಸ ತಪ್ಪಂಗಿಲ್ಲ ಬಿಡು" ಎನ್ನುವಳು. ಬೀದಿಯವರಿಗೆಲ್ಲ ಅವಳು ಸತ್ತೋರನ್ನ ಹುಡುಕಿ ಕೊಡೋ ಹೇಮಕ್ಕ.

ಮಾತಿನಲ್ಲಿ ಕುಟುಕಿದ್ದರೂ ಸುಳ್ಳಿರಲಿಲ್ಲ. ಅವಳ ಗಂಡ ಪರಮೇಶ್ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲೇ ಸ್ಟುಡಿಯೋ ಇಟ್ಟುಕೊಂಡು ಸುತ್ತಲ ಹಳ್ಳಿಗಳ ಮದುವೆಗಳಿಗೆ ವಿಡಿಯೋ ತೆಗೆಯುತ್ತಿದ್ದ. ಅವನು ತಂದದ್ದನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ಜೋಡಿಸಿ, ಮೇಲೆ ಹಾಡು ಹಾಕಿ ಮಿಕ್ಸಿಂಗ್ ಮಾಡುವುದು ಹೇಮಾವತಿಯ ಕೆಲಸ. ಹೀಗೆ ಊರೂರ ಮದುವೆಗಳೆಲ್ಲ ಅವಳ ಕಂಪ್ಯೂಟರಿನಲ್ಲಿ ಬಂದು ಸೇರಿದ್ದವು. ತಿಥಿಯ ದಿನ ಹಾರ ಹಾಕಲು ಪಟ ಬೇಕು. ಬದುಕಿದ್ದಾಗ ಒಬ್ಬರೇ ಕೂತು ಫೋಟೋ ತೆಗೆಸಿಕೊಂಡವರು ಎಷ್ಟು ಜನ? ಹೇಮಾವತಿ ಬಂದವರನ್ನು ಒಂದೇ ಮಾತು ಕೇಳುವಳು: "ನಿಮ್ಮಜ್ಜ ಕಡೆಗೆ ಯಾರ ಮದುವೆ ಉಂಡಿದ್ರು?" ಆ ಮದುವೆಯನ್ನು ತೆಗೆದು, ಊಟದ ಪಂಕ್ತಿಯುದ್ದಕ್ಕೂ ಕಣ್ಣು ಹಾಯಿಸಿ, ಅಜ್ಜ ಎಲೆಯಿಂದ ತಲೆ ಎತ್ತಿದ ಕ್ಷಣಕ್ಕೆ ನಿಲ್ಲಿಸುವಳು. ತುಟಿಗಂಟಿದ ಪಾಯಸ ಒರೆಸಿ, ಹಿಂದೆ ನೀಲಿ ಬಣ್ಣ ಹಚ್ಚಿದರೆ ಅಜ್ಜ ಗೋಡೆ ಏರಲು ಸಿದ್ಧ.

ಇಷ್ಟೂ ಮುಖಗಳು ಇರುವ ಹಾರ್ಡ್‌ಡಿಸ್ಕು ಒಂದು ದಿನ ಕೈಕೊಟ್ಟರೆ? ಪರಮೇಶ್ ಅದಕ್ಕೊಂದು ಪದ್ಧತಿ ಮಾಡಿಕೊಂಡಿದ್ದ. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಕಂಪ್ಯೂಟರಿನ ಧೂಳು ಹೊಡೆದ ಮೇಲೆ ಇನ್ನೊಂದು ಡಿಸ್ಕನ್ನು ಅದಕ್ಕೆ ಸಿಕ್ಕಿಸಿ ಇಮೇಜ್, ಅಂದರೆ ಇಡೀ ಹಾರ್ಡ್‌ಡಿಸ್ಕಿನ ಪಡಿಯಚ್ಚು, ತೆಗೆಯುತ್ತಿದ್ದ. ಹಿಂದಿನ ವರ್ಷದ್ದು ಅಳಿಸಿ ಅದೇ ಜಾಗದಲ್ಲಿ ಹೊಸದು ಕೂರುತ್ತಿತ್ತು. ಮುಗಿದ ಮೇಲೆ ಆ ಡಿಸ್ಕಿಗೆ ಕುಂಕುಮವಿಟ್ಟು, ಕೆಂಪು ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನಲ್ಲಿಡುವನು. ಮುಂದಿನ ಆಯುಧಪೂಜೆಯವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ.

"ಫೈಲ್ ಕಾಪಿ ಮಾಡಿದ್ರೆ ಸಾಲ್ದಾ?" ಎಂದು ಹೇಮಾವತಿ ಒಮ್ಮೆ ಕೇಳಿದ್ದಳು.

"ಕಾಪಿ ಅಂದ್ರೆ ಮನೆಯಿಂದ ಸಾಮಾನು ಹೊತ್ಕಂಡು ಹೋದಂಗೆ. ಇಮೇಜ್ ಅಂದ್ರೆ ಮನೇನೇ ಹಂಗಂಗೇ ಎತ್ತಿ ಇಟ್ಟಂಗೆ ಕಣೇ. ಒಲೆ ಮ್ಯಾಲಿನ ಸಾರೂ ಬರುತೈತೆ, ಮೂಲೇಲಿರೋ ಕಸಾನೂ ಬರುತೈತೆ."

"ಕಸ ಯಾಕೆ ಬೇಕು?"

"ನಿಮ್ಮಮ್ಮನ ಮನೆಯಿಂದ ತಂದಿದ್ದು ಇರ್ತೈತಲ್ಲ, ಅದಕ್ಕೆ" ಎಂದು ನಕ್ಕಿದ್ದ.

ವೈಶಾಖದಲ್ಲಿ ಹೊರಕೆರೆದೇವಪುರದ ಒಂದು ಮದುವೆ ಮುಗಿಸಿ ಬಂದ ಪರಮೇಶ್ ಕ್ಯಾಮೆರಾ ಚೀಲವನ್ನು ಜಗುಲಿಯ ಮೇಲಿಟ್ಟು ನೀರು ಕೇಳಿದ. ಹೇಮಾವತಿ ಚೊಂಬು ತರುವಷ್ಟರಲ್ಲಿ ಕೂತಲ್ಲೇ ಒರಗಿದ್ದ. ಆಸ್ಪತ್ರೆಯಲ್ಲಿ ಹೃದಯ ನಿಂತಿದೆ ಎಂದರು.

ತಿಥಿಗೆ ಪಟ ಬೇಕಾಯಿತು. ಹೇಮಾವತಿ ಕಂಪ್ಯೂಟರಿನ ಮುಂದೆ ಕೂತು ಮದುವೆಗಳನ್ನೆಲ್ಲ ಜಾಲಾಡಿದಳು. ಎಲ್ಲರೂ ಇದ್ದರು, ಅವನಿರಲಿಲ್ಲ. ಒಂದೆಡೆ ಧಾರೆಯ ಮಂಟಪದ ಮೇಲೆ ಬಿದ್ದ ಅವನ ನೆರಳು, ಇನ್ನೊಂದೆಡೆ ಹೆಣ್ಣಿನ ಸೆರಗು ಸರಿಮಾಡಿ ಎಂದು ಚಾಚಿದ ಕೈ. ಕೊನೆಗೆ ಆಧಾರ್ ಕಾರ್ಡಿನಲ್ಲಿದ್ದ, ಯಾರೋ ಗದರಿಸಿದಂತೆ ಕಣ್ಣರಳಿಸಿದ ಮುಖವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದರು.

ಪರಮೇಶನ ತಾಯಿ ಓಬಕ್ಕನಿಗೆ ಕಣ್ಣು ಹೋಗಿ ಬಹಳ ಕಾಲವಾಗಿತ್ತು. ಆಕೆ ಪಟದ ಗಾಜನ್ನು ಒಮ್ಮೆ ಸವರಿ ಕೈ ಹಿಂದೆಗೆದಳು. "ಇದ್ರಾಗೆ ನನ್ನ ಮಗ ಎಲ್ಲವ್ನೆ? ನನಗೆ ಪಟ ಬ್ಯಾಡ ಕಣೇ ಹೇಮಾ. ಅವನ ಮಾತು ಐತೇನು ನಿನ್ನ ಡಬ್ಬಿಲಿ? ಒಂದ್ಸಲ ಕೇಳ್ಸು."

ಫೋನಿನಲ್ಲಿ ದನಿ ತುಂಬಿ ಕಳಿಸುವ ಅಭ್ಯಾಸ ಪರಮೇಶನಿಗಿರಲಿಲ್ಲ. ಇನ್ನು ಮದುವೆಗಳಲ್ಲಿ ಅವನ ಮಾತೇ ಮಾತು: ಇತ್ತ ನೋಡ್ರಿ, ನಗ್ರಿ, ಹಿಂದಕ್ಕೆ ಸರೀರಿ. ಆದರೆ ಮದುವೆಯ ವಿಡಿಯೋದಲ್ಲಿ ಕ್ಯಾಮೆರಾದವನ ಗದ್ದಲ ಯಾರಿಗೆ ಬೇಕು? ಅವನ ದನಿ ಬಂದಲ್ಲೆಲ್ಲ ಅದನ್ನು ಕತ್ತರಿಸಿ ತೆಗೆದು ಹಾಡು ಹಾಕುವುದೇ ಅವಳ ಮಿಕ್ಸಿಂಗು. ಕೆಲಸ ಮುಗಿದ ಮೇಲೆ ಮೂಲವನ್ನೂ ಅಳಿಸಿ ಜಾಗ ಮಾಡಿಕೊಳ್ಳುವಳು. ಸಂಸಾರ ಮಾಡಿದಷ್ಟು ಕಾಲವೂ ಗಂಡನ ಮಾತನ್ನು ಅವಳೇ ಕೈಯಾರೆ ಅಳಿಸುತ್ತ ಬಂದಿದ್ದಳು.

ಉಳಿದದ್ದು ಹೊರಕೆರೆದೇವಪುರದ ಮದುವೆಯೊಂದೇ. ಅದನ್ನೂ ದನಿ ಮುಚ್ಚಿಯೇ ಮಿಕ್ಸಿಂಗ್ ಮಾಡಿ ಕೊಟ್ಟಿದ್ದಳು, ಮೂಲವನ್ನು ಮಾತ್ರ ಅಳಿಸಿರಲಿಲ್ಲ. ಅತ್ತೆ ಕೇಳಿದಾಗಲೆಲ್ಲ "ನಾಳೆ ಹಾಕ್ತೀನತ್ತೆ" ಎನ್ನುವಳು. ಆ ದನಿ ಕೇಳಿದರೆ ತಾನು ಮತ್ತೆ ಕೆಲಸಕ್ಕೆ ಏಳಲಾರೆನೆಂಬ ಭಯ ಅವಳಿಗೆ.

ದಸರೆ ಬಂತು. ಸಾವಾದ ಮನೆಯಲ್ಲಿ ಆ ವರ್ಷ ಹಬ್ಬವಿಲ್ಲ. ಬೀದಿಯಲ್ಲಿ ಗಾಡಿಗಳಿಗೆಲ್ಲ ಬೂದುಗುಂಬಳ ಒಡೆದರು. ಇವರ ಮನೆಯಲ್ಲಿ ಕಂಪ್ಯೂಟರಿಗೆ ಹೂವೂ ಇಲ್ಲ, ಇಮೇಜೂ ಇಲ್ಲ. ಕೆಂಪು ಬಟ್ಟೆಯ ಡಿಸ್ಕು ಗೂಡಿನಲ್ಲೇ ಇತ್ತು.

ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಕಂಪ್ಯೂಟರಿನೊಳಗೆ ಹಲ್ಲಿ ಲೊಚಗುಟ್ಟಿದಂತೆ ಸದ್ದಾಗಿ ಪರದೆ ಕಪ್ಪಾಯಿತು. ಹೇಮಾವತಿ ಡಿಸ್ಕನ್ನು ಬಿಚ್ಚಿಕೊಂಡು ಚಿತ್ರದುರ್ಗದ ರಿಪೇರಿ ಅಂಗಡಿಗೆ ಬಸ್ಸು ಹಿಡಿದಳು. ಅಂಗಡಿಯ ಪ್ರಭುಲಿಂಗ ಅದನ್ನು ಕಿವಿಗೆ ಹಿಡಿದು ಕೇಳಿ ತಲೆಯಾಡಿಸಿದ.

"ಒಳಗೆ ತಟ್ಟೆನೇ ಗೀರಿ ಹೋಗೈತಕ್ಕ. ಇದ್ರಾಗೆ ಏನೂ ಸಿಗಲ್ಲ. ಇಮೇಜ್ ಗಿಮೇಜ್ ತೆಗ್ದಿದ್ರಾ?"

"ಹೋದ ವರ್ಷದ್ದೈತೆ."

"ಹಂಗಾರೆ ಹೋದ ವರ್ಷ ಇದ್ದಿದ್ದೆಲ್ಲ ವಾಪಸ್ ಬರುತೈತೆ. ಆಮೇಲಿಂದು ಹೋತು ಅಂದ್ಕಳ್ರಿ."

ಆಮೇಲಿನದೆಂದರೆ ಹೊರಕೆರೆದೇವಪುರ. ಬಸ್ಸಿನ ಕಿಟಕಿಗೆ ತಲೆಯಾನಿಸಿ ಊರು ಬರುವ ತನಕ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಕೂತಿದ್ದಳು. ನಾಳೆ ನಾಳೆ ಅಂದವಳು ತಾನೇ.

ಆದರೂ ಊರಿನ ಸತ್ತವರ ಮುಖಗಳು ಗೂಡಿನ ಡಿಸ್ಕಿನಲ್ಲಿವೆ. ಹೊಸ ಡಿಸ್ಕು ಕೂರಿಸಿ, ಕೆಂಪು ಬಟ್ಟೆ ಬಿಚ್ಚಿ, ಅವನು ಮಾಡುತ್ತಿದ್ದುದನ್ನು ನೆನಪಿಸಿಕೊಳ್ಳುತ್ತ ಇಮೇಜನ್ನು ಇಳಿಸಲು ಹಚ್ಚಿದಳು. ಸಂಜೆಗೆ ಪರದೆ ಹೊತ್ತಿಕೊಂಡಿತು. ಹೋದ ಆಯುಧಪೂಜೆಯ ದಿನ ಹೇಗಿತ್ತೋ ಹಾಗೇ. ಅವನು ಹಾಕಿದ್ದ ಹಾಲುರಾಮೇಶ್ವರ ಕ್ಷೇತ್ರದ ಚಿತ್ರ ಹಿನ್ನೆಲೆಯಲ್ಲಿ. ಮೂಲೆಯಲ್ಲಿ ರೀಸೈಕಲ್ ಬಿನ್ನಿನ ಬುಟ್ಟಿ, ತುಂಬಿತ್ತು.

ಮಿಕ್ಸಿಂಗಿನಲ್ಲಿ ಕತ್ತರಿಸಿ ತೆಗೆದ, ಅವನ ದನಿಯಿರುವ ತುಣುಕುಗಳನ್ನು ಅವಳು ಆ ಬುಟ್ಟಿಗೆ ಹಾಕಿ, ಅಮಾವಾಸ್ಯೆಗೊಮ್ಮೆ ಖಾಲಿ ಮಾಡುತ್ತಿದ್ದಳು. ಹೋದ ವರ್ಷ ಖಾಲಿ ಮಾಡುವ ಮುನ್ನವೇ ಅವನು ಇಮೇಜ್ ತೆಗೆದಿದ್ದ. ಮೂಲೆಯ ಕಸವೂ ಬಂದಿತ್ತು. ಈ ದಸರೆಯಲ್ಲಿ ಹಬ್ಬ ಮಾಡಿದ್ದರೆ ಹೊರಕೆರೆದೇವಪುರದ ಮದುವೆ ಉಳಿಯುತ್ತಿತ್ತು, ಆದರೆ ಹೊಸ ಇಮೇಜು ಕೂತು ಈ ಕಸ ಅಳಿಸಿ ಹೋಗುತ್ತಿತ್ತು.

ಹೇಮಾವತಿ ಅತ್ತೆಯ ಕೈ ಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿ, ಒಂದು ತುಣುಕನ್ನು ತೆರೆದಳು. ವಾಲಗದ ನಡುವೆ ಪರಮೇಶ್ ಕೂಗುತ್ತಿದ್ದ: "ಅಮ್ಮಾ, ಸ್ವಲ್ಪ ಈ ಕಡೆ ತಿರುಗ್ರಿ. ಹಾಂ. ಹಂಗೇ ಇರ್ರಿ, ಅಲುಗಾಡ್ಬ್ಯಾಡ್ರಿ."

ಯಾವುದೋ ಮದುವೆಯ ಯಾವುದೋ ಮುದುಕಿಗೆ ಹೇಳಿದ ಮಾತು ಅದು. ಓಬಕ್ಕ ದನಿ ಬಂದತ್ತ ಮುಖ ತಿರುಗಿಸಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹಾಗೇ ಕೂತಳು.

"ನಾನು ಕೂಗಾಡಿದ್ದು ವಿಡಿಯೋದಾಗೆ ಬರುತೈತೆ ಅಂತ ಚಿಂತೆ ಮಾಡ್ಬ್ಯಾಡ್ರಿ" ಎಂದು ಪರಮೇಶ್ ಯಾರಿಗೋ ನಗುತ್ತ ಹೇಳಿದ. "ನಮ್ಮ ಹೇಮಾ ಎಲ್ಲಾ ಕಟ್ ಮಾಡ್ತಾಳೆ."

ತುಣುಕು ಅಲ್ಲಿಗೆ ನಿಂತಿತು. ಚಿತ್ರ ತೆಗೆದು ಮುಗಿದಾಗಲೆಲ್ಲ, ಇನ್ನು ಅಲುಗಾಡಬಹುದೆಂದು, ಅವನು "ಆತು ಬಿಡ್ರಿ" ಎನ್ನುತ್ತಿದ್ದ. ಅದಕ್ಕೆ ಮುಂಚೆಯೇ ಅವಳು ಕತ್ತರಿಸಿದ್ದಳು. ಓಬಕ್ಕ ಅಲುಗಾಡದೆ ಕಾದಳು. ಹೇಮಾವತಿ ಮೇಜಿನ ಅಂಚು ಹಿಡಿದುಕೊಂಡಿದ್ದಳು.

"ಆತೇನೇ?" ಎಂದಳು ಓಬಕ್ಕ ಕೊನೆಗೆ.

ಕ್ಯಾಮೆರಾ ಹಿಡಿಯುವವನಿಲ್ಲದೆ ಸ್ಟುಡಿಯೋ ನಡೆಯುವಂತಿರಲಿಲ್ಲ. ಹಿರಿಯೂರಿನ ಹತ್ತಿರ, ಬಬ್ಬೂರಿನ ಕೃಷಿ ಫಾರಂನಲ್ಲಿ ಕಂಪ್ಯೂಟರ್ ಕೆಲಸವೊಂದು ಸಿಕ್ಕಿತು. ಅತ್ತೆಯನ್ನೂ ಕರೆದುಕೊಂಡು ಹೋಗುವುದೆಂದಾಯಿತು. ಹೋಗುವ ಮೊದಲು ಹೇಮಾವತಿ ಕೇಳಿದವರಿಗೆಲ್ಲ ಅವರವರ ಮನೆಯ ಮದುವೆಗಳನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ಟಳು. ಹೊನ್ನಕ್ಕ ಕಣ್ಣೊರೆಸಿಕೊಳ್ಳುತ್ತಲೇ, "ಇನ್ಮ್ಯಾಲೆ ಈ ಬೀದೀಲಿ ಸಾಯಾಂಗೂ ಇಲ್ವಲ್ಲೇ" ಎಂದಳು.

ಸಾಮಾನಿನ ಟೆಂಪೋ ಬಾಗಿಲಲ್ಲಿ ನಿಂತಿತ್ತು. ಕೆಂಪು ಬಟ್ಟೆಯ ಡಿಸ್ಕನ್ನು ಹೇಮಾವತಿ ತನ್ನ ಚೀಲಕ್ಕಿಟ್ಟುಕೊಂಡಳು. ಓಬಕ್ಕ ಹೊಸಿಲ ಬಳಿ ನಿಂತು, ಖಾಲಿಯಾದ ಮುಂದಿನ ಕೋಣೆಯ ಕಡೆಗೆ, ಅಂದು ದನಿ ಬಂದ ಮೂಲೆಯತ್ತ, ಮುಖ ತಿರುಗಿಸಿದಳು. ಸೆರಗು ಸರಿಮಾಡಿಕೊಂಡಳು. ಅಲುಗಾಡಲಿಲ್ಲ. ಟೆಂಪೋದವನು ಹಾರ್ನ್ ಒತ್ತಿದ.

ಹೇಮಾವತಿ ಈ ಸಲ ಅವಸರ ಮಾಡಲಿಲ್ಲ. ಅತ್ತೆಯ ಮುಖ ಸಡಿಲವಾಗುವವರೆಗೂ ಪಕ್ಕದಲ್ಲೇ ನಿಂತಳು.

"ಆತು ಬಿಡ್ರಿ" ಎಂದಳು ಆಮೇಲೆ. "ಹೋಗಾಣ ಬರ್ರಿ ಅತ್ತೆ."

ಅತ್ತೆಯ ಕೈ ಹಿಡಿದು ಹೊಸಿಲು ದಾಟಿಸಿ, ತಾನೂ ದಾಟಿ, ಬಾಗಿಲು ಎಳೆದುಕೊಂಡಳು.