ನಿನ್ನಿಂದ ಕದ್ದ ‘ಐತೆ’

ರೇಣುಕಾ, ಆ ಕೆಲಸ ನಿನಗೆ ಸಿಗಬೇಕಿತ್ತು. ನಾನು ಕಸಿದುಕೊಂಡೆ — ಅದೂ ನಿನ್ನದೇ ಮಾತನ್ನು ಬಾಯಲ್ಲಿಟ್ಟುಕೊಂಡು.

ಡಿಗ್ರಿಯ ಕೊನೆಯ ವರ್ಷ. ನಾನು ಚನ್ನಗಿರಿಯ ಮೇಷ್ಟ್ರ ಮಗಳು, ನೀನು ಜಗಳೂರು ಕಡೆಯಿಂದ ಬಂದು ಹಾಸ್ಟೆಲ್‌ನಲ್ಲಿದ್ದವಳು. ಬೀಜದ ಕಂಪನಿಯೊಂದು ಕಾಲೇಜಿಗೇ ಬಂದು ಸಂದರ್ಶನ ಮಾಡುತ್ತದೆ, ರೈತರ ಫೋನಿಗೆ ಉತ್ತರ ಹೇಳುವ ಕೆಲಸ, ಬೇಕಿರುವುದು ಒಬ್ಬರೇ ಎಂದು ಗೊತ್ತಾದಾಗ ಇಬ್ಬರೂ ಒಟ್ಟಿಗೇ ತಯಾರಿಗೆ ಕೂತೆವು. ನಿನ್ನ ಮನೆಯಲ್ಲಿ ಆಗಲೇ ಗಂಡು ನೋಡಿದ್ದರು. ಕೆಲಸ ಸಿಕ್ಕರೆ ಮದುವೆಯ ಮಾತು ಮುಂದಕ್ಕೆ ಹೋಗುತ್ತದೆ, ಎಂ.ಎ. ಕಟ್ಟಬಹುದು ಅನ್ನುತ್ತಿದ್ದೆ ನೀನು. ನನಗೆ ಅಷ್ಟೇನೂ ಅವಸರವಿರಲಿಲ್ಲ — ಇಲ್ಲ, ಇವತ್ತೂ ಸುಳ್ಳು ಬೇಡ. ನಿನ್ನೆದುರು ಸೋಲುವುದು ನನಗೆ ಬೇಕಿರಲಿಲ್ಲ.

ನಮ್ಮ ಮನೆಯಲ್ಲಿ ‘ಐತೆ’ ಅಂದರೆ ಅಪ್ಪ ಗದರುತ್ತಿದ್ದರು. ಅದೇ ಮೇಷ್ಟ್ರಿಕೆ ನಿನ್ನ ಮೇಲೆ ನಡೆಸಿದೆ. ಕಾಲೇಜಿನ ಮೆಟ್ಟಿಲ ಮೇಲೆ ಕೂತು ನಾನು ಪ್ರಶ್ನೆ ಕೇಳುವುದು, ನೀನು ಉತ್ತರಿಸುವುದು. ‘ಐತೆ’ ಎಂದು ಬಾಯಿ ತಪ್ಪಿದರೆ ದಂಡ ಒಂದು ಶೇಂಗಾ ಉಂಡೆ. ನಿಮ್ಮಮ್ಮ ಕಟ್ಟಿಕೊಟ್ಟ ಡಬ್ಬಿಯ ಉಂಡೆಗಳೆಲ್ಲ ನನ್ನ ಹೊಟ್ಟೆಗೇ ಹೋದವು. ಕೊನೆಕೊನೆಗೆ ನೀನು ಬೇಕೆಂದೇ ತಪ್ಪುತ್ತಿದ್ದೆ. ನನಗೆ ಉಂಡೆ ಇಷ್ಟ ಅಂತ. ಅದು ಗೊತ್ತಿದ್ದೂ ನಾನು ಸುಮ್ಮನೆ ತಿಂದೆ.

ಸಂದರ್ಶನದ ದಿನ ಕಾರಿಡಾರಿನಲ್ಲಿ ಕನ್ನಡ ಮೇಡಂ ನನ್ನನ್ನು ತಡೆದು, “ಪುಸ್ತಕದ ಮಾತು ಆಡೋರು ಅವರಿಗೆ ಬ್ಯಾಡಂತಮ್ಮ. ರೈತರ ಕೂಡ ರೈತರಂಗೆ ಮಾತಾಡೋರು ಬೇಕಂತೆ. ರೇಣುಕಂಗೂ ಹೇಳು,” ಅಂದರು.

ನೀನು ಆ ತುದಿಯ ಬೆಂಚಿನ ಮೇಲೆ ಕಣ್ಣು ಮುಚ್ಚಿ ‘ಇದೆ, ಇದೆ’ ಅಂತ ತುಟಿ ಆಡಿಸುತ್ತಿದ್ದೆ. ನಾನು ಬಂದದ್ದು ತಿಳಿದು ಕಣ್ಣು ಬಿಟ್ಟೆ.

“ಮೇಡಂ ದನಿ ಕೇಳ್ತು. ಏನಂದ್ರೇ?”

“ಏನಿಲ್ಲ ಕಣೇ. ಧೈರ್ಯವಾಗಿರಿ ಅಂದ್ರು.”

ಅಷ್ಟೇ. ಅಷ್ಟು ಹೇಳಲು ನಾಲಿಗೆ ತಡವರಿಸಲೂ ಇಲ್ಲ — ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ನೀನು ಒಳಗೆ ಹೋದೆ, ಬೇಗನೇ ಹೊರಗೆ ಬಂದೆ. ಮುಖವೆಲ್ಲ ನಗು. “ನೀ ಹೇಳಿಕೊಟ್ಟಂಗೇ ಮಾತಾಡಿದ್ನೇ! ಒಂದು ‘ಐತೆ’ನೂ ಬಾಯಿಗೆ ಬರ್ಲಿಲ್ಲ ನೋಡು,” ಎಂದು ನನ್ನ ಕೈ ಹಿಡಿದುಕೊಂಡೆ. ಆ ಕೈ ಬಿಡಿಸಿಕೊಂಡು ನಾನು ಒಳಗೆ ಹೋದೆ. “ಮೆಕ್ಕೆಜೋಳಕ್ಕೆ ಹುಳ ಬಿದ್ದೈತೆ ಅಂತ ರೈತ ಫೋನ್ ಮಾಡಿದ್ರೆ ಏನಂತೀರಿ?” ಎಂದು ಕೇಳಿದರು. “ಎಷ್ಟು ದಿನದ ಪೈರು ಐತ್ರೀ ಯಜಮಾನ್ರೇ? ಸುಳಿಯಾಗೆ ಹುಳ ಐತಾ ನೋಡ್ರಿ,” ಅಂದೆ. ನಿನ್ನ ದನಿ, ನಿನ್ನ ರಾಗ. ಅವರು ಮುಖ ಮುಖ ನೋಡಿಕೊಂಡು ನಕ್ಕರು.

ಮುಂದಿನ ಬೇಸಿಗೆಯಲ್ಲಿ ನಿನ್ನ ಮದುವೆಗೆ ಬಂದೆ. ಹೊಟ್ಟೆ ತುಂಬ ಊಟವನ್ನೂ ಮಾಡಿದೆ.

ಈಗಲೂ ರೈತರು ಫೋನಿನಲ್ಲಿ, “ನಮ್ಮ ಕಡೇರೇನ್ರೀ ನೀವು?” ಎಂದು ಪ್ರೀತಿಯಿಂದ ಕೇಳುತ್ತಾರೆ. ಹೌದು ಅನ್ನುತ್ತೇನೆ. ಪ್ರತಿ ಸಲವೂ ನೀನು ನೆನಪಾಗುತ್ತೀ, ಪ್ರತಿ ಸಲವೂ — ಆದರೂ ಇಷ್ಟು ವರ್ಷ ಹೇಳಲಿಲ್ಲ.

ಮೊನ್ನೆ ನಿನ್ನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ ನಿನ್ನ ಮಗಳು ನಡುವೆ ಬಂದು, “ಅವ್ವಾ, ಹಸಿವಾಗೈತೆ,” ಅಂದಳು. ನೀನು ಅವಳಿಗೆ ಗದರಿದೆ: “ಐತೆ ಅನ್ಬಾರ್ದು. ಇದೆ ಅನ್ನು.” ಆಮೇಲೆ ನನಗೆ, “ನೀನು ಕಲಿಸಿದ್ದನ್ನ ನಾನಿನ್ನೂ ಮರೆತಿಲ್ಲ ನೋಡು,” ಎಂದು ನಕ್ಕೆ.

ಭಾನುವಾರ ಜಗಳೂರಿಗೆ ಬರುತ್ತಿದ್ದೇನೆ, ಇದೆಲ್ಲವನ್ನೂ ನಿನ್ನೆದುರು ಕೂತು ಹೇಳಲು. ಈ ಕಾಗದ ಓದಿ ನೀನು ಬಾಗಿಲು ತೆಗೆಯದಿದ್ದರೂ ಸರಿಯೇ. ಅಲ್ಲಿಯವರೆಗೆ ಒಂದೇ ಒಂದು ಕೇಳಿಕೊಳ್ಳುತ್ತೇನೆ — ಮಗುವಿಗೆ ಗದರಬೇಡ. ಅವಳು ಆಡಿದ ಆ ಮಾತಿನಿಂದಲೇ ನಾನು ಇವತ್ತಿಗೂ ಅನ್ನ ಉಣ್ಣುತ್ತಿದ್ದೇನೆ.